ಉಪವಾಸದ ತಿಂಗಳಲ್ಲಿ ಬೆಂದ ಕೋಳಿ

ಠಣ್, ಠಣ್, ಠಣ್.

ಬೆಳಕು ಹರಿಯುವ ಹೊತ್ತಿಗೆ ನಮ್ಮ ಬೇಲಿಯಾಚೆಯಿಂದ ಬರುವ ಮೊದಲ ಸದ್ದು ಇದು. ಸಲೋಮಿಯಾ ಅತ್ತೆ ಮೆಕ್ಕೆಜೋಳದ ಮುದ್ದೆ ತೊಳಸಿದ ಉದ್ದನೆಯ ಕೋಲನ್ನು ಕೊಪ್ಪರಿಗೆಯ ಅಂಚಿಗೆ ಬಡಿಯುತ್ತಾಳೆ. ಅಂಟಿಕೊಂಡ ಮುದ್ದೆ ಉದುರುತ್ತದೆ, ಹುಲ್ಲಿನ ಮೆದೆಯ ಹಿಂದೆ ಮಲಗಿದ್ದ ಮಂದೆಯ ನಾಯಿಗಳು ಮೈ ಕೊಡವಿಕೊಂಡು ಎದ್ದು ಬರುತ್ತವೆ. ಆ ಕೊಪ್ಪರಿಗೆ ನಾಯಿಗಳದ್ದು. ಮನುಷ್ಯರ ಮುದ್ದೆಗೆ ಬೇರೆ ಪಾತ್ರೆ, ಬೇರೆ ಕೋಲು.

ನಮ್ಮ ಫ್ರಸಿನೆತ್ ಊರಿನ ಕುರಿಗಳೆಲ್ಲ ಸೇರಿ ಒಂದೇ ಮಂದೆ. ಮಂದೆಗೆ ಒಬ್ಬನೇ ಯಜಮಾನ, ಸಿಮಿಯೋನ್. ಸಲೋಮಿಯಾ ಅತ್ತೆ ಅವನ ತೀರಿಹೋದ ತಮ್ಮನ ಹೆಂಡತಿ. ಮದುವೆಯಾಗಿ ಬಂದ ವರ್ಷವೇ ಗಂಡನ ತಾಯಿ ಆ ಕೋಲನ್ನು ಅವಳ ಕೈಗೆ ಕೊಟ್ಟಳಂತೆ. ಆಮೇಲೆ ಗಂಡ ಹೋದ, ಗಂಡನ ತಾಯಿ ಹೋದಳು, ಕೋಲು ಮಾತ್ರ ಕೈಬಿಡಲಿಲ್ಲ. ಚಳಿಗಾಲ ಊರಲ್ಲಿ, ಬೇಸಿಗೆ ಬೆಟ್ಟದ ಮೇಲೆ, ಕುರಿ ಕಾಯುವವರಿಗೂ ಅವರ ನಾಯಿಗಳಿಗೂ ಬೇಯಿಸಿ ಹಾಕುವುದು ಅವಳೇ. ಸಿಮಿಯೋನನ ಅಂಗಳದ ಮೂಲೆಯಲ್ಲಿ ಎರಡು ಕೋಣೆಯ ಮನೆ ಅವಳದ್ದು. ಕುಳ್ಳಗಿನ ಹೆಂಗಸು. ಕಪ್ಪು ಚೌಕ ಹಣೆಯವರೆಗೆ ಬಿಗಿದು ಕಟ್ಟಿ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಯಾರೂ ಕೇಳದಿದ್ದರೂ ಮಾತಾಡುತ್ತಿರುತ್ತಾಳೆ. ನಾಯಿಗಳಂತೂ ಕೇಳುತ್ತವೆ ಎಂಬುದು ಅವಳ ವಾದ.

ಆ ಫೆಬ್ರವರಿಯಲ್ಲಿ ಕೋಲಿನ ಸದ್ದಿಗೆ ಎಲ್ಲ ನಾಯಿಗಳೂ ಬರುತ್ತಿದ್ದವು, ಒಂದು ಬಿಟ್ಟು. ಅದು ಅಡುಗೆಮನೆಯ ಸೂರಿನಡಿ ಹಗ್ಗದ ತುದಿಯಲ್ಲಿತ್ತು. ಹೊಗೆಬಣ್ಣದ ಹೆಣ್ಣುಮರಿ. ಹೆಸರು ನೇಗುರಾ, ಅಂದರೆ ಕಣಿವೆಯಿಂದ ಏಳುವ ಮಂಜು. ಹುಟ್ಟಿದ ಕೆಲವೇ ವಾರಕ್ಕೆ ತಾಯಿಯನ್ನು ಕಾಡುಹಂದಿ ಸೀಳಿತ್ತು. ಒಡಹುಟ್ಟಿದವು ಚಳಿಗೆ ಉಳಿಯಲಿಲ್ಲ. ಇದೊಂದನ್ನು ಅತ್ತೆ ಒಲೆಯ ಪಕ್ಕ ಮರದ ತೊಟ್ಟಿಯಲ್ಲಿಟ್ಟು ಬೆಳೆಸಿದಳು. ಮರಿ ಬೆಳೆಯಿತು, ಆದರೆ ಬೆಳೆಯಬೇಕಾದಷ್ಟಲ್ಲ. ಮೊದಲು ಕಣ್ಣಿನ ಸುತ್ತ ಕೂದಲು ಉದುರಿ ಕನ್ನಡಕ ಹಾಕಿದ ಹಾಗೆ ಕಂಡಿತು. ಊರವರು ನಕ್ಕರು. ಆಮೇಲೆ ಬಾಯಿಯ ಅಂಚು, ಮುಂಗಾಲು, ಕುತ್ತಿಗೆ. ನಗುವುದನ್ನು ನಿಲ್ಲಿಸಿದರು.

ಒಂದು ಬೆಳಿಗ್ಗೆ ಸಿಮಿಯೋನ್ ಬಂದು ಮರಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮುಟ್ಟಲಿಲ್ಲ.

"ಕಜ್ಜಿ," ಅಂದ.

"ಚಳಿಗೆ ಹಾಗಾಗಿದೆ ಭಾವ."

"ಚಳಿ ನಂಗೂ ಆಗತ್ತೆ ಸಲೋಮಿಯಾ. ನನ್ ಮೀಸೆ ಉದುರಿದ್ಯಾ?"

"ನಿನ್ ಮೀಸೆ ಉದುರಿದ್ರೆ ಊರಿಗೇ ಒಳ್ಳೇದಾಗ್ತಿತ್ತು."

ಅವನು ನಗಲಿಲ್ಲ. ಕುರಿಗೆ ಕಜ್ಜಿ ಹತ್ತಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಇಡೀ ಮಂದೆ ಬೇಲಿಗೆ, ಮರಕ್ಕೆ, ಒಂದಕ್ಕೊಂದು ಮೈ ಉಜ್ಜಿಕೊಂಡು ಉಣ್ಣೆ ಕಿತ್ತುಕೊಳ್ಳುತ್ತದೆ. ಬಸುರಿ ಕುರಿಗಳು ಸೊರಗುತ್ತವೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ. ಮೇ ತಿಂಗಳಲ್ಲಿ ಮಂದೆ ಬೆಟ್ಟಕ್ಕೆ ಹೊರಡುವ ದಿನ ದೊಡ್ಡಿಯ ಇಕ್ಕಟ್ಟು ಬಾಗಿಲಲ್ಲಿ ಯಜಮಾನ ನಿಲ್ಲುತ್ತಾನೆ. ಪ್ರತಿ ಕುರಿ, ಪ್ರತಿ ನಾಯಿ ಅವನ ಕೈಯಡಿಯಲ್ಲೇ ಹಾದುಹೋಗಬೇಕು. ಬೋಳು ಕಲೆಯಿದ್ದದ್ದು ಕೆಳಗೆ ಉಳಿಯುತ್ತದೆ. ಮೊದಲ ಬೇಸಿಗೆಯಲ್ಲಿ ಕುರಿಗಳ ನಡುವೆ ಮಲಗದ ಮರಿ ಮುಂದೆಂದೂ ಕುರಿನಾಯಿ ಆಗುವುದಿಲ್ಲ. ಹಾಗೆ ಉಳಿದ ಮರಿಗಳನ್ನು ಸಾಕುವಷ್ಟು ಮುದ್ದೆ ಯಾರ ಮನೆಯಲ್ಲೂ ಹೆಚ್ಚಿರುವುದಿಲ್ಲ. ಬೆಟ್ಟ ಹತ್ತುವ ಮುಂಚೆ ಸಿಮಿಯೋನ್ ಬಂದೂಕು ಹಿಡಿದು ಹಳ್ಳದ ಕಡೆ ಹೋಗಿ ಬರುತ್ತಾನೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅವನೂ.

"ಟ್ರ್ಯಾಕ್ಟರಿಂದ ಇಳಿಸಿದ ಹಳೇ ಆಯಿಲ್ ಇದೆ. ಗಂಧಕ ಕಲಸಿ ಹಚ್ಚು," ಅಂದ ಅವನು ಏಳುತ್ತ. "ಹೊರಡೋ ದಿನಕ್ಕೆ ಮೈ ತುಂಬ ಕೂದಲಿರ್ಬೇಕು. ಇಲ್ದಿದ್ರೆ ನಂಗೆ ಬೇರೆ ದಾರಿ ಇಲ್ಲ."

ಹಚ್ಚಿದಳು. ಅವರ ಮನೆಯಲ್ಲಿ ಎಲ್ಲರೂ ಹಚ್ಚುತ್ತ ಬಂದದ್ದು ಅದನ್ನೇ. ಮರಿ ಕಪ್ಪಗೆ, ಜಿಡ್ಡುಜಿಡ್ಡಾಗಿ, ಗೊತ್ತಿಲ್ಲದ ಬೇರಾವುದೋ ಪ್ರಾಣಿಯಂತೆ ಮೂಲೆಯಲ್ಲಿ ಕೂತಿತು. ತನ್ನ ಮೈಯನ್ನು ತಾನೇ ನೆಕ್ಕಿತು. ಸಂಜೆಯೊಳಗೆ ವಾಂತಿ ಶುರುವಾಯಿತು, ಮಾರನೆಯ ದಿನ ಕುತ್ತಿಗೆಯ ಚರ್ಮ ಕೆಂಪಗೆ ಬಿರಿದಿತ್ತು. ನಾನು ಬೇಲಿಯ ಹತ್ತಿರ ಹೋದಾಗ ಅತ್ತೆ ಬಿಸಿನೀರಿನ ತೊಟ್ಟಿಯಲ್ಲಿ ಅದನ್ನಿಟ್ಟುಕೊಂಡು ಬಟ್ಟೆ ಸೋಪಿನಿಂದ ಎಣ್ಣೆ ಬಿಡಿಸುತ್ತಿದ್ದಳು. ತೋಳು ಮೊಣಕೈವರೆಗೆ ಕಪ್ಪಾಗಿತ್ತು.

"ಪುಟ್ಟಿ, ನಿನ್ ಕಾರಲ್ಲಿ ಪೆಟ್ರೋಲ್ ಇದ್ಯಾ?" ಕೇಳಿದಳು, ತಲೆ ಎತ್ತದೆ.

ಪಟ್ಟಣದ ಪಶುವೈದ್ಯೆ ರುಕ್ಸಾಂದ್ರಾ. ಅವಳ ಚಿಕಿತ್ಸಾಲಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಅತ್ತೆ ಹಿಂದೆಂದೂ ಅಲ್ಲಿಗೆ ಹೋದವಳಲ್ಲ. ಕುರಿಗಳಿಗೆ ಸೂಜಿ ಹಾಕುವವನು ಬೇರೆ, ಅವನೇ ಊರಿಗೆ ಬರುತ್ತಾನೆ. ನಾಯಿಗೆ ಡಾಕ್ಟರು ಎಂಬುದು ನಮ್ಮೂರಲ್ಲಿ ಇನ್ನೂ ತಮಾಷೆಯ ಮಾತು. ಹಳೆಯ ಉಣ್ಣೆಯ ಕೋಟಿನಲ್ಲಿ ಸುತ್ತಿದ ಮರಿಯನ್ನು ಮೇಜಿನ ಮೇಲಿಟ್ಟು ಅತ್ತೆ ಗೋಡೆಗೆ ಒರಗಿ ನಿಂತಳು, ಅಪರಾಧಿಯ ಹಾಗೆ.

ರುಕ್ಸಾಂದ್ರಾ ಮೂಸಿದಳು. "ಅತ್ತೆ, ಇದಕ್ಕೆ ಏನ್ ಹಚ್ಚಿದ್ರಿ?"

"ಟ್ರ್ಯಾಕ್ಟರ್ ಎಣ್ಣೆ."

"ಟ್ರ್ಯಾಕ್ಟರ್ ಆದ್ರೂ ಹುಷಾರಾಗಿದ್ಯಾ?"

ಅತ್ತೆ ತುಟಿ ಬಿಗಿದಳು. ಆಮೇಲೆ ಅವಳಿಗೇ ನಗು ಬಂತು, ತಡೆಯಲಾಗಲಿಲ್ಲ. ಆ ನಗುವಿನಿಂದ ಕೋಣೆ ಸ್ವಲ್ಪ ಹಗುರಾಯಿತು.

"ಮೈ ಕೆರ್ಕೋತಾಳಾ?"

ಅತ್ತೆ ಯೋಚಿಸಿದಳು. "ಇಲ್ಲ. ಎಣ್ಣೆ ಹಚ್ಚಿದ ಮೇಲೆ ಒದ್ದಾಡಿದ್ಲು. ಅದಕ್ಕೂ ಮುಂಚೆ... ಇಲ್ಲ, ಕೆರ್ಕೊಂಡಿದ್ದು ನೋಡೇ ಇಲ್ಲ."

ರುಕ್ಸಾಂದ್ರಾ ಸಣ್ಣ ಅಲಗಿಗೆ ಎಣ್ಣೆ ಸವರಿ, ಮುಂಗಾಲಿನ ಬೋಳು ಜಾಗದ ಚರ್ಮವನ್ನು ಹಿಂಡಿ, ರಕ್ತ ಜಿನುಗುವವರೆಗೆ ಕೆರೆದಳು. ಮರಿ ಅತ್ತೆಯ ಅಂಗೈಯಲ್ಲಿ ಮೂತಿಯಿಟ್ಟು ಸುಮ್ಮನಿತ್ತು. ಕೆರೆದದ್ದನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ಅತ್ತೆಯನ್ನೂ ಕರೆದಳು. ಅತ್ತೆ ಚೌಕ ಹಿಂದೆ ಸರಿಸಿ ಒಂದು ಕಣ್ಣು ಮುಚ್ಚಿ ಬಾಗಿದಳು.

"ಕ್ಯಾರೆಟ್ ಇದ್ದ ಹಾಗಿದೆ. ಕಾಲಿರೋ ಕ್ಯಾರೆಟ್."

"ಅದೇ. ಇವು ಕೂದಲಿನ ಬುಡದಲ್ಲಿ ಇರೋ ಹುಳ. ತಾಯಿ ಹಾಲು ಕುಡಿಯುವಾಗಲೇ ಮರಿಗೆ ಬರ್ತವೆ. ನಿಮ್ ಎಲ್ಲಾ ನಾಯಿಗಳ ಮೈಯಲ್ಲೂ ಇವೆ, ನಾಲ್ಕಾರು. ಮೈಯಲ್ಲಿ ಕಸುವಿದ್ರೆ ತೆಪ್ಪಗಿರ್ತವೆ. ಕಸುವು ಕಡಿಮೆ ಆದ್ರೆ ಸಂಸಾರ ಬೆಳೆಸ್ತವೆ."

"ಕುರಿಗೆ ಹತ್ತತ್ತಾ?"

"ಇಲ್ಲ."

"ಮನುಷ್ಯರಿಗೆ?"

"ಇಲ್ಲ ಅತ್ತೆ. ಕುರಿ ಕಜ್ಜಿ ಬೇರೆ, ಅದರ ಹುಳ ಬೇರೆ. ಇದು ಯಾರಿಗೂ ಹತ್ತಲ್ಲ."

ಅತ್ತೆ ಕುರ್ಚಿ ಹುಡುಕಿಕೊಂಡು ಕೂತಳು. ಬಹಳ ಹೊತ್ತಿನಿಂದ ತಲೆಯ ಮೇಲಿದ್ದ ಹುಲ್ಲಿನ ಹೊರೆ ಇಳಿಸಿದವಳ ಹಾಗೆ.

ಆದರೆ ರುಕ್ಸಾಂದ್ರಾ ಮುಗಿಸಿರಲಿಲ್ಲ. ಹುಳಕ್ಕೆ ಒಂದು ಮಾತ್ರೆ, ಹೊಟ್ಟೆಯ ಜಂತುವಿಗೆ ಇನ್ನೊಂದು, ಬಿರಿದ ಚರ್ಮ ತೊಳೆಯಲು ಔಷಧಿಯ ಸೋಪು ಕೊಟ್ಟಳು. ಮರಿಯ ಪಕ್ಕೆಲುಬಿನ ಮೇಲೆ ಬೆರಳಾಡಿಸುತ್ತ, "ಮಾತ್ರೆ ಹುಳ ಕೊಲ್ಲತ್ತೆ, ಕಸುವು ಕೊಡಲ್ಲ. ಇವಳಿಗೆ ಊಟ ಏನು?" ಅಂದಳು.

"ಎಲ್ಲಾ ನಾಯಿ ತಿನ್ನೋದೇ. ಮುದ್ದೆ."

"ಮುದ್ದೆ ಜೊತೆ?"

"ಬೇಸಿಗೇಲಿ ಚೀಸ್ ಹಿಂಡಿದ ತಿಳಿನೀರು ಹಾಕ್ತೀನಿ. ಚಳೀಲಿ ಕುರಿ ಹಾಲು ಕೊಡಲ್ವಲ್ಲ, ಆಗ ಬಿಸಿನೀರು. ಉಪ್ಪು."

"ಮಾಂಸ?"

ಅತ್ತೆಯ ಮುಖ ಗಂಭೀರವಾಯಿತು. "ಕುರಿನಾಯಿಗೆ ಮಾಂಸ ಹಾಕಲ್ಲಮ್ಮ."

ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಮಾಂಸದ ರುಚಿ ಹತ್ತಿದರೆ ನಾಯಿ ಮಂದೆಯ ಮರಿಯನ್ನೇ ತಿನ್ನುತ್ತದೆ. ಆದ್ದರಿಂದ ಮುದ್ದೆ, ಬರೀ ಮುದ್ದೆ. ಅತ್ತೆ ತನಗೆ ಹೇಳಿಕೊಟ್ಟದ್ದನ್ನು ಊರಿಗೆ ಬಂದ ಎಷ್ಟೋ ಸೊಸೆಯರಿಗೆ ಹೇಳಿಕೊಟ್ಟವಳು. ರುಕ್ಸಾಂದ್ರಾ ವಾದಿಸಲಿಲ್ಲ. ಮರಿಯನ್ನು ಕೋಟಿನಲ್ಲಿ ಸುತ್ತಿ ಅತ್ತೆಯ ಮಡಿಲಿಗೆ ಕೊಟ್ಟು, "ಮೊಟ್ಟೆ, ಬೇಯಿಸಿದ ಕೋಳಿ, ಈಲಿ. ದಿನಾ. ಇಲ್ದಿದ್ರೆ ಕೂದಲು ಬಂದ್ರೂ ಮತ್ತೆ ಉದುರತ್ತೆ," ಅಂದಳು.

ವಾಪಸು ಬರುವಾಗ ಅತ್ತೆ ಮಾತಾಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನಿರುವುದನ್ನು ನಾನು ನೋಡಿದ್ದು ಅದೇ ಮೊದಲು. ಊರ ತಿರುವಿನಲ್ಲಿ ಕೇಳಿದಳು: "ಪುಟ್ಟಿ, ಸೋಮವಾರದಿಂದ ಉಪವಾಸ ಅಲ್ವಾ?"

ಹೌದು. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ. ಇಡೀ ಊರು ಹುರುಳಿಕಾಯಿ ಬೀಜ, ಹುಳಿ ಎಲೆಕೋಸು ತಿಂದುಕೊಂಡಿರುತ್ತದೆ. ಒಲೆಗಳಿಗೆ ಕೂಡ ಕೊಬ್ಬಿನ ವಾಸನೆ ಮರೆತುಹೋಗುತ್ತದೆ.

ಆ ಸಂಜೆ ಸಿಮಿಯೋನನ ಮನೆಯಲ್ಲಿ ಆದ ಮಾತು ಬೇಲಿಯೀಚೆಗೂ ಕೇಳಿಸಿತು.

"ಹತ್ತಲ್ವಂತೆ ಭಾವ. ಕಣ್ಣಾರೆ ನೋಡ್ದೆ. ಕ್ಯಾರೆಟ್ ಥರ ಇವೆ."

"ಕ್ಯಾರೆಟ್ಟೋ ಮೂಲಂಗಿಯೋ, ಬೋಳು ಅಂದ್ರೆ ಬೋಳು. ಬೇರೆಯವರ ಕುರಿ ಇವೆ ನನ್ ಮಂದೇಲಿ. ಅವರಿಗೆ ಏನ್ ತೋರಿಸ್ಲಿ, ನಿನ್ ಕ್ಯಾರೆಟ್ಟಾ?"

"ಕೂದಲು ಬರತ್ತೆ. ಮಾಂಸ ಹಾಕ್ಬೇಕು."



"ಉಪವಾಸದಲ್ಲಿ?" ಅಂದ ಸಿಮಿಯೋನ್. "ನಾವು ಹುರುಳಿಕಾಯಿ ತಿನ್ನೋದು, ನಾಯಿ ಕೋಳಿ ತಿನ್ನೋದು. ಚೆನ್ನಾಗಿದೆ. ನಾಳೆ ಪಾದ್ರಿಗಳು ಬಂದ್ರೆ ನಾಯಿ ಪಕ್ಕದಲ್ಲೇ ತಟ್ಟೆ ಹಾಕು."

"ಹಾಕ್ತೀನಿ. ಅವರೂ ಸೊರಗಿದಾರೆ."

"ತಮಾಷೆ ಅಲ್ಲ ಸಲೋಮಿಯಾ. ಮಾಂಸ ತಿಂದ ನಾಯಿ ನನ್ ಕುರಿಮರಿಗೆ ಬಾಯಿ ಹಾಕಿದ್ರೆ ಹೊಣೆ ಯಾರು?"

"ನಾನು."

"ಅಂದ್ರೆ?"

"ಅಂದ್ರೆ ಕೋಲು ಇಟ್ಟುಬಿಡ್ತೀನಿ. ಬೇರೆ ಯಾರಾದ್ರೂ ಬೇಯಿಸ್ಲಿ ನಿಮಗೆ."

ಅವಳಿಗೆ ಹೋಗಲು ಬೇರೆ ಮನೆಯಿಲ್ಲವೆಂದು ಅವನಿಗೂ ಗೊತ್ತು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಅಪ್ಪ ರೇಡಿಯೋ ಜೋರು ಮಾಡಿದ.

ಸೋಮವಾರ ಅತ್ತೆ ಅಂಗಳದಾಚೆ, ಬಾವಿಯ ಹತ್ತಿರ, ಮೂರು ಕಲ್ಲು ಹೂಡಿ ಬೇರೆ ಒಲೆ ಮಾಡಿದಳು. ಮನೆಯೊಳಗೆ ವಾಸನೆ ಬರಬಾರದೆಂದು. ಮೊಟ್ಟೆಯಿಡುವುದನ್ನು ನಿಲ್ಲಿಸಿದ್ದ ಮುದಿ ಕೋಳಿಯೊಂದನ್ನು ಬೇಯಿಸಿದಳು. ಬೇಯುವಾಗ ಮುಖ ಅತ್ತ ತಿರುಗಿಸಿ ನಿಂತಿದ್ದಳು, ಕೋಳಿಗೋ, ದೇವರಿಗೋ, ಗಂಡನ ತಾಯಿಗೋ ಬೆನ್ನು ಮಾಡಿದವಳಂತೆ. ಎಲುಬು ತೆಗೆದು, ಮಾಂಸ ಬಿಡಿಸಿ, ತಣಿಸಿ, ಮುದ್ದೆಗೆ ಕಲಸಿ ಮರಿಯ ಮುಂದಿಟ್ಟಳು. ನೇಗುರಾ ಮೂಸಿತು. ಅದೂ ಆಚಾರವಂತೆಯೋ ಏನೋ ಎಂಬಂತೆ ಅತ್ತೆಯ ಮುಖ ನೋಡಿತು. ಆಮೇಲೆ ತಟ್ಟೆಯನ್ನು ಅಂಗಳದುದ್ದಕ್ಕೂ ತಳ್ಳಿಕೊಂಡು ಹೋಗಿ ನೆಕ್ಕಿತು.

ದಾರಿಯಲ್ಲಿ ಹೋಗುವ ಹೆಂಗಸರು ಮೂಗರಳಿಸಿ ನಿಲ್ಲುತ್ತಿದ್ದರು. "ಯಾರ ಮದುವೆ ಸಲೋಮಿಯಾ?" ಎಂದು ಒಬ್ಬಳು ಕೇಳಿದರೆ, "ನಿನ್ ಗಂಡಂದು. ನಿಂಗೆ ಹೇಳಿಲ್ವಾ?" ಎಂದು ಇವಳು ತಿರುಗಿಸಿ ಕೊಡುತ್ತಿದ್ದಳು. ಒಳಗೆ ಹೋಗಿ ಒಬ್ಬಳೇ ಹುರುಳಿಕಾಯಿ ಬೀಜದ ಸಾರು ಕುಡಿಯುತ್ತಿದ್ದಳು. ಒಂದು ತುಂಡು ಚೀಸ್ ಕೂಡ ಅವಳ ಬಾಯಿಗೆ ಹೋಗಲಿಲ್ಲ. ನಾಯಿಗಾಗಿ ಕೋಳಿ ಕೊಯ್ದ ಕೈ ತನ್ನ ಪಾಲಿನ ಉಪವಾಸವನ್ನು ಇನ್ನೂ ಬಿಗಿಯಾಗಿ ಹಿಡಿಯಿತು.

ಬದಲಾವಣೆ ಬೇಗ ಬರಲಿಲ್ಲ. ಮೊದಲು ಇನ್ನಷ್ಟು ಕೂದಲು ಉದುರಿತು. ಹೊಟ್ಟೆಯಿಂದ ಜಂತು ಬಿತ್ತು. ಅತ್ತೆ ಮರಿಯ ಹಾಸಿಗೆಯ ಹುಲ್ಲನ್ನು ಸುಟ್ಟು ಹೊಸದು ಹಾಸಿದಳು. ಔಷಧಿಯ ಸೋಪು ಹಚ್ಚಿ, ನೊರೆ ಸ್ವಲ್ಪ ಹೊತ್ತು ಮೈಮೇಲೇ ಇರಬೇಕೆಂದು ಹೇಳಿದ್ದರಿಂದ, ಅಷ್ಟು ಹೊತ್ತೂ ಮರಿಯನ್ನು ಹಿಡಿದುಕೊಂಡು ಊರ ಸುದ್ದಿ ಹೇಳುತ್ತಿದ್ದಳು. ಒರೆಸಿ, ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಕೂರಿಸುತ್ತಿದ್ದಳು. ಮಾರ್ಚಿನ ಬಿಸಿಲು ತೆಳ್ಳಗಿರುತ್ತದೆ, ಒಗೆದು ಒಗೆದು ಸವೆದ ಬಟ್ಟೆಯ ಹಾಗೆ. ಆ ಬಿಸಿಲನ್ನೂ ಬಿಡದೆ ಮರಿಗೆ ಹೊದಿಸುತ್ತಿದ್ದಳು.

ಕುರಿಗಳು ಈಯುವ ಕಾಲ ಬಂತು. ದೊಡ್ಡಿಯಲ್ಲಿ ಹಗಲೂ ಇರುಳೂ ಸೂಲು. ಒಂದು ಬೆಳಿಗ್ಗೆ ನಾನು ಆ ಕಡೆ ಹೋದಾಗ ಅತ್ತೆ ದೊಡ್ಡಿಯ ಬೇಲಿಗೆ ಒರಗಿ ಏನನ್ನೋ ದಿಟ್ಟಿಸುತ್ತಿದ್ದಳು. ಒಳಗೆ ಒಂದು ಕುರಿ ಆಗಷ್ಟೇ ಈದಿತ್ತು. ಮಂದೆಯ ಮುಪ್ಪಾದ ಗಂಡುನಾಯಿ ಅದರ ಪಕ್ಕದಲ್ಲಿ ಕಾದು ಕೂತಿತ್ತು. ಕುರಿ ಎದ್ದು ಮರಿಯನ್ನು ಕರೆದುಕೊಂಡು ಸರಿದದ್ದೇ ನಾಯಿ ಮುಂದೆ ಬಂದು ನೆಲದ ಮೇಲೆ ಬಿದ್ದಿದ್ದ ಮಾಸನ್ನು ನಿಧಾನವಾಗಿ, ಹಬ್ಬದೂಟದಂತೆ, ತಿಂದಿತು. ತಿಂದು, ಕುರಿಮರಿಯ ಬಾಲದ ಬುಡ ನೆಕ್ಕಿ ಸ್ವಚ್ಛ ಮಾಡಿ, ಅದರ ಪಕ್ಕದಲ್ಲೇ ಮಲಗಿತು.

ಪ್ರತಿ ವರ್ಷ ನಡೆಯುವುದೇ. ನಾವೆಲ್ಲ ನೋಡಿದ್ದೇ.

"ಭಾವ!" ಅತ್ತೆ ಕೂಗಿದಳು. ಸಿಮಿಯೋನ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. "ಅದೇನದು, ಈಗ ಅವನು ತಿಂದಿದ್ದು?"

"ಕಣ್ಣು ಕಾಣಲ್ವಾ? ಮಾಸು."

"ಮಾಸು ಅಂದ್ರೆ ಮುದ್ದೆಯಾ?"

ಅತ್ತೆ ಅಲ್ಲಿಗೇ ಬಿಡಲಿಲ್ಲ.

"ಮೊನ್ನೆ ಹೊಲದಲ್ಲಿ ಇಲಿ ಹಿಡಿದು ತಿಂತಿದ್ದ. ಹೋದ ವರ್ಷ ಬೆಟ್ಟದ ಮೇಲೆ ಮೊಲ. ನಾನು ನೋಡಿಲ್ಲ ಅಂದ್ಕೊಂಡ್ಯಾ? ನೀನೂ ನೋಡಿದ್ದೀಯ. ಯಾವ ಕುರಿಮರಿಗೆ ಬಾಯಿ ಹಾಕಿದಾನೆ ಅವನು, ಹೇಳು? ಇಷ್ಟು ವರ್ಷ ನಾನು ಬೇಯಿಸಿ ಹಾಕಿದ್ದು ಮುದ್ದೆ. ಅವು ಬದುಕಿದ್ದು ಅದರ ಮೇಲೆ ಅಲ್ಲ ಭಾವ." ಅವಳ ದನಿ ತಗ್ಗಿತು. "ಹಗ್ಗ ಕಟ್ಟಿ ಅಡುಗೆಮನೆ ಮುಂದೆ ಕೂರಿಸಿದ್ನಲ್ಲ, ಆ ಕೂಸು ಮಾತ್ರ. ಬರೀ ಮುದ್ದೆ ತಿಂದ ನಾಯಿ ಅಂತ ನಮ್ಮ ಮಂದೇಲಿ ಹುಟ್ಟಿದ್ದು ಅದೊಂದೇ."

ಸಿಮಿಯೋನ್ ಮುದಿನಾಯಿಯನ್ನೊಮ್ಮೆ ನೋಡಿ ದೊಡ್ಡಿಯೊಳಕ್ಕೆ ಹೋದ. ಒಪ್ಪಿದೆನೆಂದು ಹೇಳಲಿಲ್ಲ. ಮಾರನೆಯ ದಿನ ಅತ್ತೆಯ ಹೊಸಿಲ ಮೇಲೆ ಕಾಗದದಲ್ಲಿ ಸುತ್ತಿದ ಹಂದಿಯ ಈಲಿ ಇತ್ತು. ಯಾರು ಇಟ್ಟರೆಂದು ಅವಳು ಕೇಳಲಿಲ್ಲ. ಬೇಯಿಸಿದಳು, ಅಷ್ಟೇ.

ಈಸ್ಟರಿನ ಹೊತ್ತಿಗೆ ಕಣ್ಣಿನ ಸುತ್ತ ಬೂದುಬಣ್ಣದ ನವಿರು ಮೂಡಿತು. ಬೆರಳಿನಿಂದ ಮುಟ್ಟಿದರೆ ಇದೆ, ಕಣ್ಣಿಗೆ ಇಲ್ಲ. ಹಬ್ಬದ ದಿನ ಕೆಂಪು ಮೊಟ್ಟೆಗಳನ್ನು ಕುಟ್ಟಿ ಒಡೆಯುವ ಆಟದಲ್ಲಿ ಸೋತ ಮೊಟ್ಟೆಗಳೆಲ್ಲ ನೇಗುರಾಳ ಪಾಲಾದವು. ಅವಳ ಮೀಸೆಗೂದಲು ಎರಡು ದಿನ ಗುಲಾಬಿ ಬಣ್ಣಕ್ಕಿತ್ತು. ಅತ್ತೆ ಅಂದು ಕೋಳಿಸಾರು ಬಡಿಸಿಕೊಂಡು ಮೊದಲ ತುತ್ತು ಬಾಯಿಗಿಟ್ಟು, "ಅಬ್ಬಾ, ಎಷ್ಟು ರುಚಿ ಮಾಡ್ತಿದ್ದೆ ಇವಳಿಗೆ!" ಎಂದು ತಾನೇ ಬೆರಗಾದಳು.

ಮತ್ತೆ ಪಟ್ಟಣಕ್ಕೆ ಹೋದಾಗ ರುಕ್ಸಾಂದ್ರಾ ಬೇರೆಬೇರೆ ಕಡೆ ಕೆರೆದು ನೋಡಿದಳು. ಸತ್ತ ಹುಳದ ಚೂರು ಬಿಟ್ಟರೆ ಏನೂ ಇರಲಿಲ್ಲ. ಇನ್ನೂ ಒಂದು ಸಲ ಮಾತ್ರೆ ಕೊಟ್ಟು, ಬೇಸಿಗೆ ಮುಗಿದ ಮೇಲೆ ತೋರಿಸಿ ಎಂದಳು. ಆಮೇಲೆ ಸ್ವಲ್ಪ ತಡೆದು, "ಅತ್ತೆ, ಇವಳಿಗೆ ಮರಿ ಹಾಕಿಸ್ಬೇಡಿ. ಹುಳ ಮೈ ತುಂಬ ಹಬ್ಬಿತ್ತು ನೋಡಿ, ಆ ದುರ್ಬಲತೆ ಮರಿಗಳಿಗೂ ಹೋಗತ್ತೆ," ಅಂದಳು. ಅತ್ತೆ ಮರಿಯ ಕಿವಿಯನ್ನು ಬೆರಳ ನಡುವೆ ಮಡಿಚುತ್ತ, ಬಿಡಿಸುತ್ತ ಕೂತಿದ್ದಳು. ನೇಗುರಾಳ ತಾಯಿಯ ತಾಯಿಗೂ ಅವಳೇ ಮುದ್ದೆ ಹಾಕಿದ್ದು. "ಆಗ್ಲಿ," ಅಂದಳು. "ನಂಗೂ ಮಕ್ಕಳಿಲ್ಲ. ನಾನು ಕೆಲಸ ಮಾಡಲ್ವಾ?"

ಹೊರಡುವ ದಿನ ಊರಿಗೆ ಊರೇ ದೊಡ್ಡಿಯ ಹತ್ತಿರ ಸೇರಿತ್ತು. ಕತ್ತೆಗಳ ಮೇಲೆ ಕಂಬಳಿ, ಚೀಸ್ ಮಾಡುವ ತೊಟ್ಟಿ, ಕೊಪ್ಪರಿಗೆ. ಗಂಟೆಗಳ ಸದ್ದಿನಲ್ಲಿ ಯಾರ ಮಾತೂ ಪೂರ್ತಿ ಕೇಳುತ್ತಿರಲಿಲ್ಲ. ಸಿಮಿಯೋನ್ ಇಕ್ಕಟ್ಟು ಬಾಗಿಲಲ್ಲಿ ಮೊಣಕಾಲೂರಿ, ಹಾದುಬರುವ ಒಂದೊಂದರ ಬೆನ್ನು, ಹೊಟ್ಟೆ, ಕಿವಿಯ ಬುಡ ಸವರಿ ಬಿಡುತ್ತಿದ್ದ. ಕುರಿಗಳು ಮುಗಿದವು. ನಾಯಿಗಳು ಬಂದವು. ಕೊನೆಯಲ್ಲಿ ಅತ್ತೆ ನೇಗುರಾಳನ್ನು ಕರೆತಂದಳು. 

ಸಿಮಿಯೋನ್ ಅವಸರ ಮಾಡಲಿಲ್ಲ. ಕಣ್ಣಿನ ಸುತ್ತ ಹೆಬ್ಬೆರಳಾಡಿಸಿದ. ಕೂದಲನ್ನು ಎದುರು ದಿಕ್ಕಿಗೆ ತಳ್ಳಿ ಬುಡ ನೋಡಿದ. ಮುಂಗಾಲನ್ನೆತ್ತಿ ಬೆರಳುಗಳ ಸಂದಿ ನೋಡಿದ. ಕುತ್ತಿಗೆಯಲ್ಲಿ, ಎಣ್ಣೆ ಸುಟ್ಟ ಕಡೆ, ಹೊಸ ಕೂದಲು ಸುತ್ತಲಿನದಕ್ಕಿಂತ ತುಸು ಕಪ್ಪಾಗಿತ್ತು. ಅಲ್ಲಿ ಅವನ ಕೈ ನಿಂತಿತು. ಕುರಿಯ ಒಡೆಯರು ಕತ್ತು ಚಾಚಿದರು.

ಅಷ್ಟರಲ್ಲಿ ತಾಯಿಯನ್ನು ತಪ್ಪಿಸಿಕೊಂಡ ಒಂದು ಕುರಿಮರಿ ಅರಚುತ್ತ ಬಾಗಿಲಿಗೇ ನುಗ್ಗಿ ನೇಗುರಾಳ ಎದೆಗೆ ಬಡಿದು ನಿಂತಿತು. ಯಾರೋ "ಹಿಡೀರಿ, ಹಿಡೀರಿ" ಅಂದರು. ಅತ್ತೆ ಹಗ್ಗ ಎಳೆಯಲಿಲ್ಲ. ಎಳೆಯಲು ಕೈ ಬರಲಿಲ್ಲವೆಂದು ಆಮೇಲೆ ಹೇಳಿದಳು. ನೇಗುರಾ ಬಾಯಿ ತೆರೆಯಿತು. ನಾಲಿಗೆ ಹೊರಗೆ ಬಂತು. ಕುರಿಮರಿಯ ಮುಖವನ್ನು, ಮೂಗಿನಿಂದ ಹಣೆಯವರೆಗೆ, ಒಂದೇ ಸಲ ಉದ್ದಕ್ಕೆ ನೆಕ್ಕಿತು. ಕುರಿಮರಿ ಸೀನಿತು. ಆಮೇಲೆ ನಾಯಿಯ ಹೊಟ್ಟೆಯಡಿ ತೂರಿಕೊಂಡು ಮೊಲೆ ಹುಡುಕತೊಡಗಿತು.

ಎಲ್ಲರೂ ನಕ್ಕರು. ಸಿಮಿಯೋನ್ ನಗದಿರಲು ಪ್ರಯತ್ನಿಸಿ ಸೋತ.

"ಕೊಬ್ಬಿದಾಳೆ," ಅಂದ. ಹಗ್ಗದ ಗಂಟನ್ನು ತಾನೇ ಬಿಚ್ಚಿ ಒಡೆಯರ ಕಡೆ ತಿರುಗಿದ. "ಮೈ ಚೊಕ್ಕ ಇದೆ. ನಂದೇ ಹೊಣೆ." ಆಮೇಲೆ ಮೆಲ್ಲಗೆ, "ನಡಿ ಸಲೋಮಿಯಾ. ಅಲ್ಲೇ ಬೇರು ಬಿಡ್ಬೇಡ."

ಅತ್ತೆ ಖಾಲಿ ಹಗ್ಗವನ್ನು ಸುತ್ತಿ ಸುತ್ತಿ ಮುಷ್ಟಿಯಲ್ಲಿಟ್ಟುಕೊಂಡು, ಇನ್ನೂ ಸುತ್ತುತ್ತಲೇ ಇದ್ದಳು. ಕಣ್ಣು ತುಂಬಿತ್ತು. ಇಲ್ಲಿ ಹೊಗೆ ಇರಲಿಲ್ಲ, ಆದರೂ ಹೊಗೆ ತಾಗಿದವಳಂತೆ ಚೌಕದ ತುದಿಯಿಂದ ಒರೆಸಿಕೊಂಡಳು. ಮುಖ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಬೇಲಿಯ ಬಳಿ ನಿಂತಿದ್ದ ನನ್ನನ್ನು ಕಂಡು ಹತ್ತಿರ ಬಂದು ಮನೆಯ ಬೀಗದಕೈ ನನ್ನ ಅಂಗೈಯಲ್ಲಿಟ್ಟಳು.

"ಪುಟ್ಟಿ, ಕಿಟಕಿ ಹತ್ರ ಜೆರೇನಿಯಂ ಗಿಡ ಇದೆ. ವಾರಕ್ಕೊಂದ್ಸಲ ನೀರು ಹಾಕು, ಸಾಕು. ಜಾಸ್ತಿ ಹಾಕ್ಬೇಡ, ಕೊಳೆಯತ್ತೆ. ಆಮೇಲೆ ಅಟ್ಟದ ಏಣಿ ಕೆಳಗೆ ಒಂದು ಡಬ್ಬ ಇದೆ, ಅದ್ರಲ್ಲಿ—"

ಅಷ್ಟರಲ್ಲಿ ಮಂದೆ ತಿರುವು ದಾಟಿತ್ತು. ಹೊಗೆಬಣ್ಣದ ಬೆನ್ನೊಂದು ಕುರಿಗಳ ಬಿಳಿಯೊಳಗೆ ಕಂಡು, ಮರೆಯಾಗಿ, ಮತ್ತೆ ಕಂಡಿತು. ಅತ್ತೆ ಲಂಗ ಎತ್ತಿ ಹಿಡಿದು ಆ ಕಡೆ ಹೆಜ್ಜೆ ಹಾಕುತ್ತಲೇ, ನನ್ನತ್ತ ತಿರುಗಿ ಕೈಬೀಸಿ, "ಅದ್ರಲ್ಲಿರೋ ಬೀಜಾನ ನೀನೇ ತಗೊಂಡು, ಬಿಸಿಲು ಬೀಳೋ ಕಡೆ ನೋಡಿ ಬಿತ್ತು!" ಎಂದು ಕೂಗಿ, ಮಂದೆಯ ಹಿಂದೆಯೇ ತಿರುವು ದಾಟಿದಳು.